ಗುರುವಾರದ ಸೂಪು

ಗುರುವಾರ ಬೆಳಿಗ್ಗೆ ಎಂಟಕ್ಕೆ ಆರ್ಲನ್ ಟ್ವೀಟನ್ ತನ್ನ ಕೋಣೆಯ ಬೀಗ ತೆಗೆದು ಒಳಗೆ ಕಾಲಿಟ್ಟ. ಬಾಗಿಲ ಸಂದಿಯಿಂದ ಯಾರೋ ತೂರಿಸಿದ್ದ ಲಕೋಟೆ ಅವನ ಹಿಮದ ಬೂಟಿನ ಕೆಳಗೆ ಸಿಕ್ಕಿ ಒದ್ದೆಯಾಯಿತು. ದೂರು ಬರುವುದು ಅವನಿಗೇನೂ ಹೊಸದಲ್ಲ. ನಮ್ಮ ಹೆಗ್ಲುಂಡ್ ವಿಶ್ವವಿದ್ಯಾಲಯದ ಸಮಾನತೆ ಮತ್ತು ನಾಗರಿಕ ಹಕ್ಕುಗಳ ವಿಭಾಗಕ್ಕೆ ಅವನೇ ನಿರ್ದೇಶಕ. ಯಾರಿಗೆ ಯಾರಿಂದ ಅನ್ಯಾಯವಾಯಿತೆಂದು ಕೇಳುವುದು, ಬರೆದುಕೊಳ್ಳುವುದು, ಸರಿಪಡಿಸುವುದು, ಒಂಬತ್ತು ವರ್ಷದಿಂದ ಇದೇ ಅವನ ಕೆಲಸ. ಆದರೆ ಅವನು ಕೂರುವ ಮೂರನೇ ಮಹಡಿಯಿಂದಲೇ ದೂರು ಬಂದದ್ದು ಇದೇ ಮೊದಲು.

ಬರೆದವರ ಹೆಸರಿರಲಿಲ್ಲ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ನಾಲ್ಕೇ ಸಾಲು: "ಈ ಮಹಡಿಯಲ್ಲಿ ಒಬ್ಬರನ್ನು ಗುರುವಾರದ ಸೂಪಿಗೆ ಯಾರೂ ಕರೆಯುವುದಿಲ್ಲ. ಪಾಪ, ಒಬ್ಬರೇ ಕೂತು ತಣ್ಣಗಿನ ಸ್ಯಾಂಡ್‌ವಿಚ್ ತಿನ್ನುತ್ತಾರೆ. ನೋಡೋಕೆ ಆಗುವುದಿಲ್ಲ. ಏನಾದರೂ ಮಾಡಿ."

ಆ ಒಬ್ಬರು ಯಾರೆಂಬುದು ಒಳಗಿನ ಸಣ್ಣ ಲಕೋಟೆಯಲ್ಲಿತ್ತು. ಅದಕ್ಕೆ ಅಂಟು ಹಾಕಿತ್ತು. ನೊಂದವರ ಹೆಸರು ಮೊದಲೇ ತಿಳಿದರೆ ವಿಚಾರಿಸುವವನ ಮನಸ್ಸು ಒಂದು ಕಡೆ ವಾಲುತ್ತದೆ, ಆದ್ದರಿಂದ ಎಲ್ಲರನ್ನೂ ವಿಚಾರಿಸಿ ಮುಗಿದ ಮೇಲೆ ಮಾತ್ರ ಆ ಲಕೋಟೆ ಒಡೆಯಬೇಕು ಎಂದು ನಿಯಮ. ನಿಯಮ ಬರೆದವನು ಆರ್ಲನ್ನೇ. ನಿಯಮ ಬರೆಯುವುದರಲ್ಲಿ ಅವನದು ಎತ್ತಿದ ಕೈ. ಹಿಂದೊಮ್ಮೆ ಭೂವಿಜ್ಞಾನದ ಇಬ್ಬರು ಪ್ರೊಫೆಸರುಗಳು ಜಗಳವಾಡಿ ದೂರು ಕೊಟ್ಟು, ವಿಚಾರಣೆ ನಡೆಯುತ್ತಿರುವಾಗಲೇ ಒಬ್ಬರಿಗೊಬ್ಬರು ಕುಕಿ ಡಬ್ಬ ಕಳಿಸಿ ರಾಜಿಯಾಗಿ ಕೇಸನ್ನೇ ಹಾಳು ಮಾಡಿದ್ದರು. ಅಂದಿನಿಂದ ದೂರಿನಲ್ಲಿ ಸಿಕ್ಕವರು ಒಬ್ಬರೊಡನೊಬ್ಬರು ಮಾತಾಡಬಾರದು ಎಂಬ ಆದೇಶದಲ್ಲಿ "ತಿಂಡಿ ತಿನಿಸೂ ಸೇರಿದಂತೆ" ಎಂದು ಅವನು ತನ್ನ ಕೈಯಾರೆ ಸೇರಿಸಿದ್ದ.

ಆರ್ಲನ್ ಆ ನಾಲ್ಕು ಸಾಲನ್ನು ಮೂರು ಸಲ ಓದಿದ. ಓದಿದಷ್ಟೂ ಅವನ ಎದೆಯಲ್ಲಿ ಏನೋ ಬೆಚ್ಚಗಾಯಿತು. ಅಂದರೆ ಈ ಮಹಡಿಯಲ್ಲಿ ನನ್ನ ಹಾಗೆ ಒಬ್ಬರೇ ಉಣ್ಣುವವರು ಇನ್ನೊಬ್ಬರಿದ್ದಾರೆ!

ಇಲ್ಲಿ ಒಂದು ಮಾತು ಹೇಳಬೇಕು. ಗುರುವಾರ ಮಧ್ಯಾಹ್ನ ಮೂರನೇ ಮಹಡಿಯವರು ಸೂಪು ಮಾಡಿ ಒಟ್ಟಿಗೆ ಕೂತು ಕುಡಿಯುವುದು ವಾಡಿಕೆ. ಆರ್ಲನ್‌ನನ್ನೂ ಯಾರೂ ಸೂಪಿಗೆ ಕರೆಯುತ್ತಿರಲಿಲ್ಲ. ಆದರೆ ತನ್ನನ್ನು ಕರೆದಿಲ್ಲ ಎಂದು ಅವನು ಯಾವತ್ತೂ ಅಂದುಕೊಂಡಿರಲಿಲ್ಲ. ನಾನೇ ಹೋಗುತ್ತಿಲ್ಲ, ನ್ಯಾಯ ಹೇಳುವ ಸ್ಥಾನದಲ್ಲಿರುವವನು ಎಲ್ಲರ ಜೊತೆ ಬೆರೆಯಬಾರದು ಎಂದು ಅವನ ಲೆಕ್ಕ. ಜನರ ಲೆಕ್ಕ ಬೇರೆ. ಆರ್ಲನ್ ಕಿವಿಗೆ ಬಿದ್ದದ್ದು ವಿಶ್ವವಿದ್ಯಾಲಯದ ಕಿವಿಗೆ ಬಿದ್ದ ಹಾಗೆ, ಕೇಳಿದ ಮೇಲೆ ಅವನು ಬರೆಯಲೇಬೇಕು. ಒಮ್ಮೆ ಪಾರ್ಕಿಂಗ್ ಪರವಾನಗಿ ಕೊಡುವ ಡ್ವೇನ್ ಪ್ರಿಬಿಲ್, ಅವನ ಎದುರು ತನ್ನ ಅತ್ತೆ ಕಾರು ಓಡಿಸುವ ಚಂದದ ಬಗ್ಗೆ ತಮಾಷೆ ಮಾಡಿದ್ದ. ವಯಸ್ಸಾದವರನ್ನು ಹೀಗಳೆಯಬಾರದು ಎಂಬ ವಿಷಯದ ಮೇಲೆ ಇಡೀ ಮಹಡಿ ಮೂರು ಗಂಟೆ ತರಬೇತಿಗೆ ಕೂರಬೇಕಾಯಿತು. ಅಲ್ಲಿಂದ ಮುಂದೆ ಆರ್ಲನ್ ಕಾರಿಡಾರಿನಲ್ಲಿ ಕಂಡರೆ ಸಾಕು, ಮಾತು ನಲ್ಲಿ ತಿರುಗಿಸಿದ ಹಾಗೆ ನಿಲ್ಲುತ್ತಿತ್ತು.

ಅವನೊಡನೆ ಮಾತಾಡುತ್ತಿದ್ದದ್ದು ಅರ್ಡಿಸ್ ಬ್ರೂನ್ ಒಬ್ಬಳೇ. ಸಂಜೆ ನಾಲ್ಕೂವರೆಗೆ ಕಸದ ಬುಟ್ಟಿ ಖಾಲಿ ಮಾಡಲು ಬರುವ ಅರವತ್ತರ ಹೆಂಗಸು. ಎರಡು ನಿಮಿಷ ಚಳಿಯ ಮಾತು, ಒಂದು ನಿಮಿಷ ಅವಳ ಕುಂಟು ಬೆಕ್ಕಿನ ಮಾತು. ದಿನದಲ್ಲಿ ಆರ್ಲನ್ ಪೆನ್ನು ಕೆಳಗಿಟ್ಟು ಕೇಳುತ್ತಿದ್ದದ್ದು ಆ ಮೂರು ನಿಮಿಷವನ್ನು ಮಾತ್ರ.

ಒಂಬತ್ತಕ್ಕೆ ಅವನು ನೋಟ್‌ಬುಕ್ ಹಿಡಿದು ಹೊರಟ. ಮೊದಲು ಸಿಕ್ಕಿದ್ದು ಡ್ವೇನ್.

"ಡ್ವೇನ್, ಗುರುವಾರದ ಸೂಪಿನ ವಿಷ್ಯ ಸ್ವಲ್ಪ ಮಾತಾಡ್ಬೇಕಿತ್ತು."

ಡ್ವೇನ್ ಮುಖ ಬಿಳಿಚಿಕೊಂಡಿತು. "ಹೋದ್ವಾರ ಉಪ್ಪು ಜಾಸ್ತಿ ಹಾಕಿದ್ದು ನಾನಲ್ಲ."

"ಉಪ್ಪಲ್ಲ ಮಾರಾಯ್ರೆ. ಯಾರನ್ನೋ ಒಬ್ರನ್ನ ನೀವ್ಯಾರೂ ಕರೀತಾನೇ ಇಲ್ವಂತೆ."

ಡ್ವೇನ್ ಅವನನ್ನು ಮೇಲಿಂದ ಕೆಳಗೆ ಒಮ್ಮೆ, ಕೆಳಗಿಂದ ಮೇಲೆ ಒಮ್ಮೆ ನೋಡಿದ. "ಇದನ್ನ ನೀವೇ ಬಂದು ಕೇಳ್ತಿದೀರಾ?"

"ನಾನಲ್ದೆ ಇನ್ಯಾರು ಕೇಳ್ಬೇಕು? ನನ್ ಕೆಲ್ಸ ಅದು."

"ಅಲ್ಲ, ಕರೀದೇ ಇರೋದು ಯಾರನ್ನ ಅಂದ್ರೆ..."

"ಹೆಸ್ರು ಹೇಳ್ಬೇಡಿ!" ಆರ್ಲನ್ ಕೈ ಅಡ್ಡ ಹಿಡಿದ. "ನಂಗೆ ಗೊತ್ತಾಗ್ಬಾರ್ದು. ಯಾಕ್ ಕರ್ದಿಲ್ಲ, ಅಷ್ಟು ಹೇಳಿ."

ಡ್ವೇನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅವ್ರಿಗೆ ನಮ್ ಜೊತೆ ಕೂರೋಕೆ ಇಷ್ಟ ಇಲ್ಲ ಅನ್ಕೊಂಡಿದ್ವಿ."

"ಹೋಗಿ ಒಂದ್ಸಲ ಕೇಳಿದ್ರಾ?"

"ಇಲ್ಲ."

"ನೋಡಿ, ಅನ್ಯಾಯ ಶುರುವಾಗೋದೇ ಅಲ್ಲಿ," ಎಂದು ಆರ್ಲನ್ ಬರೆದುಕೊಂಡ. ಅವನು ಅತ್ತ ತಿರುಗಿದ್ದೇ ತಡ, ಡ್ವೇನ್ ಎಲ್ಲರಿಗೂ ಫೋನಿನಲ್ಲಿ ಸಂದೇಶ ಒತ್ತಿದ: ಸಾಹೇಬ್ರು ತಮ್ಮ ಕೇಸನ್ನ ತಾವೇ ವಿಚಾರಿಸ್ತಾ ಇದಾರೆ. ಗೊತ್ತಿದ್ದು ಮಾಡ್ತಿದಾರೋ ಗೊತ್ತಿಲ್ದೆ ಮಾಡ್ತಿದಾರೋ ತಿಳೀತಿಲ್ಲ. ಹುಷಾರು.

ಎರಡನೆಯವಳು ದಾಖಲೆ ವಿಭಾಗದ ಲವಾನ್ ಸ್ಕಾರ್. ಸೂಪಿನ ಯಜಮಾನಿ ಅವಳೇ. ಜೆರಾಕ್ಸ್ ಕೋಣೆಯಲ್ಲಿ ಸ್ಲೋ ಕುಕ್ಕರಿನ ಮುಂದೆ ಸೌಟು ಹಿಡಿದು ನಿಂತಿದ್ದಳು. ಅವಳಿಗೆ ಯಾರ ಹೆದರಿಕೆಯೂ ಇಲ್ಲ.

"ಹೇಳ್ತೀನಿ, ಬರ್ಕೊಳ್ಳಿ," ಎಂದಳು. "ಆ ಮನುಷ್ಯ ಬಂದ್ರೆ ಬಾಯಿ ಬಿಡೋ ಹಂಗಿಲ್ಲ ಕಣ್ರಿ. ಮೊಣಕಾಲು ನೋಯ್ತದೆ ಅಂದ್ರೆ ಸಾಕು, ಅಂಗವಿಕಲರ ಹಕ್ಕಿನ ಫಾರಂ ತಂದು ಮುಂದಿಡ್ತಾರೆ."

"ಫಾರಂ ಕೊಟ್ಟಿದ್ದು ತಪ್ಪಲ್ವಲ್ಲ ಲವಾನ್. ನಾನೂ ಕೊಟ್ಟಿದ್ದೆ ನಿಮ್ಗೆ."

"ಹೌದು," ಎಂದಳು ಲವಾನ್ ಅವನ ಮುಖವನ್ನೇ ದಿಟ್ಟಿಸುತ್ತಾ. "ನೀವೂ ಕೊಟ್ಟಿದ್ರಿ."

ಆರ್ಲನ್‌ಗೆ ಅದು ತಟ್ಟಲೇ ಇಲ್ಲ. ಅವನಿಗೆ ಆಗಲೇ ಆ ಕಾಣದ ಮನುಷ್ಯನ ಮೇಲೆ ಮಮತೆ ಹುಟ್ಟಿತ್ತು, ಸಿಟ್ಟು ನೆತ್ತಿಗೇರಿತ್ತು. "ಆ ಮನುಷ್ಯನಿಗೂ ಮೂಗು ಅಂತ ಒಂದಿರುತ್ತೆ ಲವಾನ್! ಒಂಬತ್ತೂವರೆಗೆ ಈರುಳ್ಳಿ, ಹತ್ತೂವರೆಗೆ ಅಣಬೆ, ಹನ್ನೊಂದಕ್ಕೆ ಕೆನೆ. ಬಾಗ್ಲು ಹಾಕ್ಕೊಂಡ್ರೂ ಸಂದೀಲಿ ಬರುತ್ತೆ. ವಾಸನೆ ಕುಡ್ಕೊಂಡು ಒಣ ಬ್ರೆಡ್ ನುಂಗೋದು ಎಷ್ಟು ಕಷ್ಟ ಗೊತ್ತಾ?"

ಲವಾನ್ ಸೌಟು ಕೆಳಗಿಟ್ಟಳು. "ನಿಮ್ಗೆ ಹೆಂಗೆ ಗಂಟೆ ಸಮೇತ ಗೊತ್ತು?"

"ಊಹೆ," ಎಂದ ಆರ್ಲನ್.

ಮೂರನೆಯವಳು ವಿದ್ಯಾರ್ಥಿವೇತನದ ಪಾ ಹುವಾ ವಾಂಗ್. ಮಹಡಿಯಲ್ಲೇ ಚಿಕ್ಕವಳು. ಸೂಪಿಗೆ ಕದ್ದು ಹಸಿಮೆಣಸು ಹಾಕುತ್ತಾಳೆಂದು ಲವಾನ್‌ಗೆ ಅವಳ ಮೇಲೆ ಸದಾ ಅನುಮಾನ. ಆರ್ಲನ್ ಕುರ್ಚಿ ಎಳೆದುಕೊಂಡದ್ದೇ ಅವಳ ಕಣ್ಣು ತುಂಬಿತು.

"ಸಾರಿ ಆರ್ಲನ್. ತುಂಬಾ ಸಾರಿ."

"ನನ್ ಹತ್ರ ಯಾಕಮ್ಮಾ? ಆ ಮನುಷ್ಯನ ಹತ್ರ ಹೋಗಿ ಕೇಳು."

"ಅದೇ... ಕೇಳ್ತಾ ಇದೀನಲ್ಲ."

ಪಾಪ, ತುಂಬ ಮೆದು ಮನಸ್ಸಿನ ಹುಡುಗಿ, ಮಾತು ತಡವರಿಸುತ್ತಿದೆ ಎಂದುಕೊಂಡು ಆರ್ಲನ್ ಅವಳಿಗೆ ಕರವಸ್ತ್ರ ಕೊಟ್ಟು ಎದ್ದ.

ಹನ್ನೊಂದೂವರೆಗೆ ವಿಚಾರಣೆ ಮುಗಿಯಿತು. ಲಕೋಟೆ ಒಡೆಯಬಹುದಿತ್ತು. ಆರ್ಲನ್ ಒಡೆಯಲಿಲ್ಲ. ಕೋಟು ತೊಟ್ಟು, ಮೈನಸ್ ಇಪ್ಪತ್ತರ ಚಳಿಯಲ್ಲಿ ಅಂಗಳ ದಾಟಿ ಕ್ಯಾಂಟೀನಿಗೆ ಹೋಗಿ ಸೇಬಿನ ಪೈ ತಂದ. ಒಂದಲ್ಲ, ಎರಡು ತುಂಡು. ಒಂಬತ್ತು ವರ್ಷದಿಂದ ಫೈಲು ಹೊತ್ತುಕೊಂಡು ಕೂತಿದ್ದ ಎರಡನೇ ಕುರ್ಚಿಯನ್ನು ಖಾಲಿ ಮಾಡಿ, ಧೂಳು ಒರೆಸಿ ಮೇಜಿನ ಎದುರಿಗೆ ಇಟ್ಟ. ತನ್ನ ಸ್ಯಾಂಡ್‌ವಿಚ್ಚನ್ನು ಎರಡು ಭಾಗ ಮಾಡಿದ. ಕೇಸು ಮುಗಿದ ಮೇಲೆ ಆ ಮನುಷ್ಯನನ್ನು ಕರೆದು ಏನು ಹೇಳಬೇಕೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡ. "ಅವ್ರು ಕರೀದಿದ್ರೆ ಬಿಡಿ, ನಾವಿಬ್ರೂ ಕೂತ್ಕೊಳ್ಳೋಣ" ಎಂಬುದು ಸ್ವಲ್ಪ ಒರಟಾಯಿತೇನೋ. "ನಂಗೂ ಜೊತೆ ಇಲ್ಲ" ಎಂದರೆ ತೀರಾ ಬಿಚ್ಚಿಟ್ಟ ಹಾಗಾಗುತ್ತದೆ. ಕೊನೆಗೆ "ಪೈ ತಿಂತೀರಾ?" ಎಂದರೆ ಸಾಕು ಎಂದು ತೀರ್ಮಾನಿಸಿದ.

ಆಮೇಲೆ ಲಕೋಟೆ ಒಡೆದ.

ಒಳಗೆ ಇಷ್ಟು ಬರೆದಿತ್ತು: "ಆರ್ಲನ್ ಟ್ವೀಟನ್, ಕೋಣೆ 314. ಪ್ರತಿ ಗುರುವಾರ ಅವರ ಬುಟ್ಟಿಯಲ್ಲಿ ಒಂದು ಸ್ಯಾಂಡ್‌ವಿಚ್ ಕಾಗದ, ಒಂದು ಸೇಬಿನ ದಿಂಡು. ಅಷ್ಟೇ ಇರುತ್ತದೆ."

ಆರ್ಲನ್ ಎದುರಿನ ಕುರ್ಚಿಯನ್ನು ನೋಡಿದ. ಅದು ಖಾಲಿ ಇತ್ತು. ಅದು ಖಾಲಿಯಾಗಿಯೇ ಇರುವುದೆಂದು ಈಗ ಅವನಿಗೆ ತಿಳಿಯಿತು. ನಾನೇ ಹೋಗುತ್ತಿಲ್ಲ ಎಂಬ ಒಂಬತ್ತು ವರ್ಷದ ನಂಬಿಕೆ ಒಂದು ಸಾಲಿಗೆ ಕುಸಿಯಿತು. ಕರೆದಿರಲಿಲ್ಲ, ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಆ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿ ಸುಮ್ಮನಾಗುತ್ತಿದ್ದರು. ಆರ್ಲನ್ ಅಂಥವನಲ್ಲ. ಹೆಸರು ನೋಡಿದೊಡನೆ ಕಂಪ್ಯೂಟರಿಗೆ ಏರಿಸಬೇಕು. ಏರಿಸಿದ. ನಿರ್ದೇಶಕನೇ ನೊಂದವನಾದರೆ ಕೇಸು ರಾಜಧಾನಿಯ ವಕೀಲರ ಕಚೇರಿಗೆ ಹೋಗಬೇಕು. ಕಳಿಸಿದ. ನೊಂದವರ ರಕ್ಷಣೆಗೆ ಹದಿನೈದು ನಿಮಿಷದೊಳಗೆ ಅಲ್ಲಿಂದ ಆದೇಶ ಹೊರಡಬೇಕು. ಅದೂ ಅವನೇ ಜಗಳವಾಡಿ ತಂದ ನಿಯಮ.

ಹನ್ನೆರಡು ದಾಟಿ ಹತ್ತು ನಿಮಿಷಕ್ಕೆ ಬಾಗಿಲು ತಟ್ಟಿದ ಸದ್ದು. ನೋಡಿದರೆ ಲವಾನ್. ಕೈಯಲ್ಲಿ ಹಬೆಯಾಡುವ ಬಟ್ಟಲು. ಹಿಂದೆ ಟೋಪಿ ಕಳಚಿದ ಡ್ವೇನ್, ಅವನ ಹಿಂದೆ ಮೂಗು ಕೆಂಪಾದ ಪಾ ಹುವಾ.

"ಏಳಿ ಆರ್ಲನ್," ಎಂದಳು ಲವಾನ್. "ನಮ್ದು ತಪ್ಪಾಯ್ತು. ಒಂಬತ್ತು ವರ್ಷದ ಸೂಪು ಬಾಕಿ ಇದೆ, ಇವತ್ತೇ ಶುರು ಮಾಡೋಣ. ಟೇಬಲ್ ಹತ್ರ ನಿಮ್ಗೂ ಜಾಗ ಮಾಡಿದೀವಿ."

"ನಮ್ಮತ್ತೆ ಕಾರಿನ ಕತೆ ಇನ್ನೂ ಇದೆ," ಎಂದ ಡ್ವೇನ್ ಹಲ್ಲು ಕಿರಿಯುತ್ತಾ. "ಬರ್ಕೊಳ್ದೆ ಕೇಳೋದಾದ್ರೆ ಹೇಳ್ತೀನಿ."

ಆರ್ಲನ್ ಎದ್ದು ನಿಂತ. ಅಣಬೆ, ಕೆನೆ, ಎಲ್ಲೋ ಒಂದೆಳೆ ಹಸಿಮೆಣಸು. ಬಾಗಿಲ ಸಂದಿಯಿಂದಲ್ಲ, ನೇರವಾಗಿ ಮುಖಕ್ಕೆ. ಅವನು ಬಟ್ಟಲಿಗೆ ಕೈ ಚಾಚಿದ.

ನಾಲ್ಕು ಫೋನುಗಳು ಒಟ್ಟಿಗೇ ಕುಂಯ್‌ಗುಟ್ಟಿದವು.

ಡ್ವೇನ್ ಓದಿದ: "ಆರ್ಲನ್ ಟ್ವೀಟನ್ ಅವರ ರಕ್ಷಣೆಗಾಗಿ, ಕೆಳಗೆ ಹೆಸರಿಸಿದ ಮೂವರು ಅವರೊಡನೆ, ಅವರು ಈ ಮೂವರೊಡನೆ, ತೊಂಬತ್ತು ಕೆಲಸದ ದಿನಗಳವರೆಗೆ ಯಾವ ಸಂಪರ್ಕವನ್ನೂ ಇಟ್ಟುಕೊಳ್ಳತಕ್ಕದ್ದಲ್ಲ. ತಿಂಡಿ ತಿನಿಸೂ ಸೇರಿದಂತೆ. ಸದರಿ ಸೂಪನ್ನು ಮೂರನೇ ಮಹಡಿಯಿಂದ ಕೂಡಲೇ ತೆರವುಗೊಳಿಸತಕ್ಕದ್ದು."

"ತಿಂಡಿ ತಿನಿಸೂ ಸೇರಿದಂತೆ?" ಲವಾನ್ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡಳು. "ಯಾವ ಮುಟ್ಠಾಳ ಬರ್ದಿದ್ದು ಇದನ್ನ?"

ಆರ್ಲನ್ ಮಾತಾಡುವ ಹಾಗಿರಲಿಲ್ಲ. ತೋರುಬೆರಳನ್ನು ತನ್ನ ಎದೆಗೆ ತಿರುಗಿಸಿ ತೋರಿಸಿದ.

ಮೂವರೂ ಹಿಂದೆ ಸರಿದರು. ಅರ್ಧ ಗಂಟೆಯಲ್ಲಿ ಡ್ವೇನ್ ಸ್ಲೋ ಕುಕ್ಕರನ್ನು ಎತ್ತಿಕೊಂಡು ಮೆಟ್ಟಿಲಿಳಿದ. ವಾಸನೆಯೂ ಅವನ ಹಿಂದೆಯೇ ಎರಡನೇ ಮಹಡಿಗೆ ಇಳಿಯಿತು. ಇಷ್ಟು ವರ್ಷ ಊಟವಿಲ್ಲದಿದ್ದರೂ ವಾಸನೆಯಾದರೂ ಇತ್ತು. ಆರ್ಲನ್ ಸ್ಯಾಂಡ್‌ವಿಚ್ಚಿನ ಎರಡೂ ಭಾಗಗಳನ್ನು ತಾನೇ ತಿಂದ. ಪೈ ಮುಟ್ಟಲು ಮನಸ್ಸಾಗಲಿಲ್ಲ.

ನಾಲ್ಕೂವರೆಗೆ ಕಿಟಕಿಯಾಚೆ ಕತ್ತಲು ಕವಿಯುತ್ತಿರುವಾಗ ಅರ್ಡಿಸ್‌ಳ ತಳ್ಳುಗಾಡಿಯ ಸದ್ದು ಕೇಳಿಸಿತು. ಆರ್ಲನ್‌ಗೆ ಎಷ್ಟು ಸಮಾಧಾನವಾಯಿತೆಂದರೆ ಅವನು ಎದ್ದು ಹೋಗಿ ತಾನೇ ಬಾಗಿಲು ತೆರೆದ.

"ಏನ್ ಚಳಿ, ಏನ್ ಚಳಿ! ಬೆಕ್ಕು ಒಲೆ ಪಕ್ಕ ಬಿಟ್ಟು ಅಲ್ಲಾಡ್ತಿಲ್ಲ," ಎನ್ನುತ್ತಾ ಬಂದ ಅರ್ಡಿಸ್ ಮೇಜಿನ ಮೇಲೆ ಕಣ್ಣು ಹಾಯಿಸಿದಳು. "ಅರೆ, ಎರಡು ಪೈ! ಯಾರಾದ್ರೂ ಬರೋರಿದ್ರಾ?"

"ಇದ್ರು. ಯಾರು ಅಂತ ಗೊತ್ತಾದ್ಮೇಲೆ ಬೇಡ ಅನ್ನಿಸ್ತು." ಆರ್ಲನ್ ಎರಡನೇ ಕುರ್ಚಿಯನ್ನು ಅವಳ ಕಡೆ ಸರಿಸಿದ. ಮಧ್ಯಾಹ್ನ ಅಭ್ಯಾಸ ಮಾಡಿಕೊಂಡಿದ್ದ ಮಾತು ಕೊನೆಗೂ ಹೊರಬಂತು. "ಅರ್ಡಿಸ್, ಪೈ ತಿಂತೀರಾ?"

ಅರ್ಡಿಸ್ ಕೈಗವಸು ಬಿಚ್ಚಿ ಕುಳಿತಳು. ಒಂದು ಚೂರು ಬಾಯಿಗಿಟ್ಟಳು. ಆರ್ಲನ್ ಎದುರಿಗೆ ಕೂತು ತನ್ನ ತುಂಡಿಗೆ ಫೋರ್ಕು ಚುಚ್ಚಿದ. ಒಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಇಬ್ಬರು ಕೂತು ತಿಂದದ್ದು ಅದೇ ಮೊದಲು. ಇಷ್ಟು ಸಿಕ್ಕರೆ ನನಗೆ ಸಾಕು, ಆ ತೊಂಬತ್ತು ದಿನ ಹೇಗೋ ಕಳೆಯುತ್ತದೆ ಎಂದುಕೊಂಡ.

"ಒಂದ್ ವಿಷ್ಯ ಹೇಳ್ಲಾ?" ಅರ್ಡಿಸ್ ಮುಂದಕ್ಕೆ ಬಾಗಿದಳು. "ಹೊಟ್ಟೇಲಿ ಇಟ್ಕೊಳ್ಳಕ್ ಆಗ್ತಿಲ್ಲ. ಬೆಳಿಗ್ಗೆ ಬಾಗ್ಲ ಕೆಳಗೆ ಆ ಕಾಗ್ದ..."

ಆರ್ಲನ್ ಫೋರ್ಕು ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡ. "ಬೇಡ ಅರ್ಡಿಸ್! ಹೇಳ್ಬೇಡಿ! ದಮ್ಮಯ್ಯ ಅಂತೀನಿ!"

ಆದರೆ ಅರ್ಡಿಸ್‌ಗೆ ದೊಡ್ಡ ಯಂತ್ರದಲ್ಲಿ ನೆಲ ಒರೆಸಿ ಒರೆಸಿ ಕಿವಿ ಸ್ವಲ್ಪ ಮಂದ, ಅದಕ್ಕೇ ದನಿ ಜೋರು. "ನಾನೇ ಬರ್ದಿದ್ದು!" ಎಂದಳು ಸಂತೋಷದಿಂದ. ಅದು ಅಂಗೈ ದಾಟಿ ಒಳಗೆ ಬಂತು.

ಆರ್ಲನ್ ಕೈ ಕೆಳಗಿಳಿಸಿದ. ಕೇಳದ ಹಾಗೆ ಇರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಅವಳ ತಟ್ಟೆಯಲ್ಲಿದ್ದ ಅರ್ಧ ಪೈಯನ್ನು ನೋಡಿದ, ಕಂಪ್ಯೂಟರನ್ನು ನೋಡಿದ, ಮತ್ತೆ ಪೈ ನೋಡಿದ. ದೂರು ಬರೆದವರು ಗೊತ್ತಾದರೆ ಅವರು ಸಾಕ್ಷಿ, ಸಾಕ್ಷಿಯೂ ನೊಂದವನೊಡನೆ ಮಾತಾಡುವ ಹಾಗಿಲ್ಲ. ಸಾಕ್ಷಿಯ ಹೆಸರನ್ನು ಕೇಳಿದ ಕ್ಷಣವೇ ಏರಿಸಬೇಕು. ಇಷ್ಟು ವರ್ಷ ಎಲ್ಲರಿಂದಲೂ ಮಾಡಿಸಿದ್ದನ್ನು ಈಗ ತನಗೆ ನೋವಾಗುತ್ತದೆಂದು ಬಿಡುವುದು ಅವನಿಂದಾಗಲಿಲ್ಲ. ಕೀಲಿಮಣೆ ಎಳೆದುಕೊಂಡು ಒಂದೊಂದೇ ಅಕ್ಷರ ಒತ್ತಿದ. ಅಷ್ಟು ನಿಧಾನವಾಗಿ ಅವನು ಯಾವ ಹೆಸರನ್ನೂ ಒತ್ತಿರಲಿಲ್ಲ. ಆ ಹೊತ್ತಿನಲ್ಲಿ ಅರ್ಡಿಸ್ ಬೆಕ್ಕಿನ ಮಾತು ಪೂರ್ತಿ ಮುಗಿಸಿದಳು.

ಅವಳ ಏಪ್ರನ್ನಿನ ಜೇಬಿನಲ್ಲಿ ಫೋನು ಕುಂಯ್‌ಗುಟ್ಟಿತು. ಕನ್ನಡಕ ಏರಿಸಿಕೊಂಡು ಓದಿದಳು. ಎರಡು ಸಲ ಓದಿದಳು. ಫೋರ್ಕನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟು ಎದ್ದು, ಬುಟ್ಟಿ ಖಾಲಿ ಮಾಡಿ, ಹೊಸ ಚೀಲ ಹಾಕಿದಳು. ಬಾಗಿಲ ಬಳಿ ನಿಂತು ತಿರುಗಿದಳು. ಬಾಗಿಲು ತೆರೆದಿರಲೋ ಮುಚ್ಚಲೋ ಎಂದು ಕೈಯಲ್ಲೇ ಕೇಳಿದಳು.

ತೆರೆದೇ ಇರಲಿ ಎಂದು ಆರ್ಲನ್ ಕೈ ಆಡಿಸಿದ.

ತಳ್ಳುಗಾಡಿಯ ಸದ್ದು ದೂರವಾದ ಮೇಲೆ ಅವನಿಗೆ ಅನುಮಾನ ಬಂತು. ಆದೇಶ ತೆರೆದು ನೋಡಿದ. ಕೈಸನ್ನೆಯೂ ಸಂಪರ್ಕವೇ, ಏಳನೇ ಸಾಲಿನಲ್ಲಿ ಸ್ಪಷ್ಟವಾಗಿತ್ತು. ಅದನ್ನು ಸೇರಿಸಿದವನೂ ಅವನೇ. ಆರ್ಲನ್ ಹೊಸ ಫಾರಂ ಒಂದನ್ನು ತೆಗೆದು, ತಪ್ಪಿತಸ್ಥನ ಹೆಸರಿನ ಜಾಗದಲ್ಲಿ ತನ್ನ ಹೆಸರು ಬರೆಯತೊಡಗಿದ.