ಕೆಚ್ಚಲಿಲ್ಲದ ಹಾಲು

ಯಾರನ್ನು ಕಂಡರೂ ನನಗೊಂದು ತುರಿಕೆ ಏಳುತ್ತದೆ. ಅವರ ಹಾಗೆ ನಡೆದು, ಕೆಮ್ಮಿ, ಮೂಗು ಒರೆಸಿ ತೋರಿಸುವ ತನಕ ಸಮಾಧಾನವಿಲ್ಲ. ವಿಜಾಪುರದ ಸಾಲೆಯೊಂದರಲ್ಲಿ ನಾನು ವಿಜ್ಞಾನದ ಮಾಸ್ತರ. ನನ್ನ ಹುಡುಗರು ಪಾಠಕ್ಕಿಂತ ಹೆಡ್‌ಮಾಸ್ತರರ ಸೀನನ್ನೇ ಚೆನ್ನಾಗಿ ಕಲಿತಿದ್ದರು. ಇಂಥವನಿಗೆ ಹೆಣ್ಣು ಕೊಡುವವರು ಯಾರು? ಹಿಂದೆ ಒಂದು ಕಡೆ ಮಾವನಾಗಬೇಕಿದ್ದವರ ಕೆಮ್ಮನ್ನು ಅವರೆದುರಿಗೇ ಕೆಮ್ಮಿ ಬಂದಿದ್ದೆ. ಆದ್ದರಿಂದ ಬಬಲೇಶ್ವರಕ್ಕೆ ಕನ್ಯಾ ನೋಡಲು ಹೊರಟಾಗ, ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸಿನ ಹೊಗೆಯಲ್ಲೇ ತಿಕೋಟಾದ ನನ್ನ ಸೋದರಮಾವ ತಾಕೀತು ಮಾಡಿದ: “ಲೇ ಮಲ್ಲ್ಯಾ, ಇಲ್ಲಿ ಮಂದಿ ಸೋಗು ಹಾಕಿದಿ ಅಂದ್ರ ಜೀವನಪೂರ್ತಿ ನೀನಾ ರೊಟ್ಟಿ ಬಡೀಬೇಕು, ನೋಡ್!” ಮನುಷ್ಯರ ಸೋಗು ಹಾಕುವುದಿಲ್ಲವೆಂದು ಆಣೆ ಮಾಡಿದೆ.

ಹುಡುಗಿಯ ತಂದೆ ಎಮ್ಮೆ ವ್ಯಾಪಾರಿ. ಕಣ್ಣೆದುರಿಗೆ ಹಾಲು ಕರೆಸಿ ನೋಡದೆ ಒಂದು ಎಮ್ಮೆಯನ್ನೂ ಕೊಂಡವನಲ್ಲ. “ಸಾಲ್ಯಾಗ ಏನ ಕಲಸ್ತೀರಿ ಮಾಸ್ತರ?” ಎಂದ. ಹಾಲಿನ ಮಾತಾದರೆ ಹಿರಿಯ ಒಲಿದಾನೆಂದು ಹೇಳಿದೆ: “ಹಾಲು ಕುಡಿಸೋ ಪ್ರಾಣಿ ಬಗ್ಗೆ ರೀ. ಆಸ್ಟ್ರೇಲಿಯಾದಾಗ ಎಕಿಡ್ನಾ ಅಂತ ಒಂದೈತಿ. ತತ್ತಿ ಇಡತೈತಿ, ಮರಿಗೆ ಹಾಲೂ ಕುಡಸತೈತಿ. ಅದೂ ಪ್ಲಾಟಿಪಸ್ಸೂ ಬಿಟ್ರ ಜಗತ್ತಿನಾಗ ಹಂಗ ಮಾಡುವು ಬ್ಯಾರೆ ಇಲ್ರಿ.”

ಆತ ಉಪ್ಪಿಟ್ಟಿನ ತಾಟು ಕೆಳಗಿಟ್ಟ. “ಎಷ್ಟ ಸೇರು ಕರೀತೈತಿ?”

“ಕರಿಯಾಕ ಬರೂದಿಲ್ರಿ. ಮೊಲಿನ ಇಲ್ಲ.”

“ಮೊಲಿ ಇಲ್ದ ಹಾಲು?”

“ಹೊಟ್ಟಿ ತೊಗಲಿನಾಗ ಬೆವರಿನಂಗ ಜಿನಗತೈತ್ರಿ. ಮರಿ ನೆಕ್ಕತೈತಿ.”

ಆತನ ಮುಖ ನೋಡಿ ಹೆದರಿ ಇನ್ನಷ್ಟು ಸೇರಿಸಿದೆ: ಮೈತುಂಬ ಮುಳ್ಳು, ಬಾಯಲ್ಲಿ ಹಲ್ಲಿಲ್ಲ, ತಿನ್ನುವುದು ಇರುವೆ, ತತ್ತಿಗೆ ಹೊಟ್ಟೆಯ ಮೇಲೇ ಚೀಲ. ನಿಜ ಹೇಳಿದಷ್ಟೂ ಸುಳ್ಳುಗಾರನಾಗುತ್ತ ಹೋದೆ.

ಆತ ನನ್ನ ಸೋದರಮಾವನತ್ತ ತಿರುಗಿದ. “ಯಜಮಾನ್ರ, ಕೂತಲ್ಲೇ ಹಿಂಗ ಸುಳ್ಳು ಕರಿಯಾಂವನ ಕೂಡ ನನ್ನ ಮಗಳು ಹ್ಯಾಂಗ ಬಾಳ್ವಿ ಮಾಡಬೇಕು? ಆ ಪ್ರಾಣಿ ತೋರಸ್ಲಿ, ಕೊಡ್ತೀನಿ.”

ತೋರಿಸುವ ವಿದ್ಯೆ ನನಗೆ ಗೊತ್ತಿರುವುದು ಒಂದೇ. ಕೋಟನ್ನು ತಲೆಯ ಮೇಲೆಳೆದುಕೊಂಡು ಜಮಖಾನೆಯ ಮೇಲೆ ಬಿದ್ದೆ. ನೆಲ ಕೆದರಿದೆ, ಮೂತಿ ಚೂಪು ಮಾಡಿ ನಾಲಿಗೆ ಚಾಚಿದೆ, ತಾಟಿನಲ್ಲಿದ್ದ ಲಿಂಬೆಹಣ್ಣನ್ನು ತತ್ತಿಯೆಂದು ಹೊಟ್ಟೆಗವಚಿಕೊಂಡು ಚೆಂಡಿನಂತೆ ಮುದುಡಿದೆ. ಸೋದರಮಾವ ರುಮಾಲಿನ ಸೆರಗಿನಲ್ಲಿ ಮುಖ ಮುಚ್ಚಿಕೊಂಡ. ಎಮ್ಮೆ ವ್ಯಾಪಾರಿ ಮಾತ್ರ ಗಂಭೀರವಾಗಿ ಸುತ್ತು ಬಂದ, ಬೆನ್ನು ತಟ್ಟಿದ, ಗಲ್ಲ ಹಿಡಿದು ಬಾಯಿ ತೆರೆಸಿದ.

“ಹಲ್ಲ ಅದಾವಲ್ಲ!”

“ನನಗ ಅದಾವ್ರಿ. ಅದಕ್ಕಿಲ್ಲ.”

ಒಳಗಿನಿಂದ ಬಳೆಗಳ ಸದ್ದಿನೊಂದಿಗೆ ನಗೆಯೊಂದು ಸಿಡಿಯಿತು. ಆತ ಬಹಳ ಹೊತ್ತು ಗಡ್ಡ ಕೆರೆದುಕೊಂಡು, “ಇಲ್ಲದ್ದನ್ನ ಇಷ್ಟ ಚಂದ ಮಾಡಾಕ ಯಾರಿಗೂ ಬರಾಂಗಿಲ್ಲ. ಪ್ರಾಣಿ ಖರೇ ಐತಿ. ಹುಡುಗಿ ಕೊಟ್ಟೆ, ಏಳ್ರಿ ಮಾಸ್ತರ” ಎಂದ.

ನಮ್ಮ ಕಡೆ ಮದುವೆಯಲ್ಲಿ ಹೆಣ್ಣು ಗಂಡನ ಹೆಸರನ್ನು ಪ್ರಾಸದ ಒಡಪು ಕಟ್ಟಿ ಹೇಳಬೇಕು. ತಲೆ ತಗ್ಗಿಸಿ, ನಾಚಿ ನೀರಾಗಿ ನಿಂತಿದ್ದ ಹುಡುಗಿ ಎಲ್ಲರೂ ಒತ್ತಾಯಿಸಿದ ಮೇಲೆ ಬಾಯಿ ತೆರೆದಳು:

“ಹಾಲೂ ಐತಿ, ತತ್ತೀನೂ ಐತಿ, ಪರದೇಶದ ಪ್ರಾಣಿ;
ಜಮಖಾನಿ ಮ್ಯಾಲ ಉಳ್ಳ್ಯಾಡಿದ ಮಲ್ಲಪ್ಪನವರ ರಾಣಿ!”

ಹೇಳಿದ್ದೂ ಮೂತಿ ಚೂಪು ಮಾಡಿಕೊಂಡು, ಥೇಟ್ ನನ್ನ ದನಿಯಲ್ಲಿ. ಮದುವೆಯ ಹಂದರವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ದನಿ ಅಷ್ಟು ಕೀರಲೆಂದು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ.