ಮಾವನ ಕೈಯಲ್ಲಿ ಇರುವುದು

ನಮ್ಮ ಸೋದರಮಾವನನ್ನು ಸಿಟ್ಟಿಗೆಬ್ಬಿಸಿದವರಿಗೆ ಒಂದು ಕೇಜಿ ಕುಂದಾ ಕೊಡಿಸುತ್ತೇನೆಂದು ಎಷ್ಟೋ ಸಲ ಪಂದ್ಯ ಕಟ್ಟಿದ್ದೇನೆ. ಇವತ್ತಿನವರೆಗೆ ಒಬ್ಬರೂ ಕುಂದಾ ತಿಂದಿಲ್ಲ!

ಬೆಳಗಾವಿಯ ಆಟೋ ನಗರದಲ್ಲಿ ಕಬ್ಬಿಣ ಕಡೆಯುವ ಲೇಥ್ ಯಂತ್ರದ ಅಂಗಡಿಯೊಂದು ಅವನದಿತ್ತು. ಎರಡು ಸಾವಿರ ವರ್ಷಗಳ ಹಿಂದಿನ ಸ್ಟೋಯಿಕರೆಂಬ ತತ್ವಜ್ಞಾನಿಗಳ ವಿಚಾರವನ್ನು ಮೊಬೈಲಿನಲ್ಲಿ ಕೇಳಿದ್ದೇ ತಡ, ಮಾವ ಜಗತ್ತನ್ನೇ ಎರಡು ಹೋಳು ಮಾಡಿಬಿಟ್ಟ: ತನ್ನ ಕೈಯಲ್ಲಿರುವುದು, ತನ್ನ ಕೈಯಲ್ಲಿಲ್ಲದ್ದು. ಡಿಸೆಂಬರ್ ಚಳಿಯಲ್ಲಿ ತಣ್ಣೀರು ಸ್ನಾನ ಬೇರೆ! "ನಾಳೆ ಗೀಜರ್ ಕೆಟ್ಟರ ಅಂಜಬಾರದಲ್ಲ, ಈಗಿಂದ ರೂಢಿ ಮಾಡ್ಕೊಳ್ಳಾಕತ್ತೇನಿ" ಎನ್ನುತ್ತಿದ್ದ. ಗೀಜರ್ ಕೆಡಲೇ ಇಲ್ಲ, ಕೆಟ್ಟದ್ದು ಅವನ ಮೂಗು.

ನನಗೆ ಹೆಣ್ಣು ನೋಡಲು ಖಾನಾಪುರಕ್ಕೆ ಹೊರಟಾಗ ಬಸ್ಸು ಮಚ್ಛೆ ದಾಟುವಷ್ಟರಲ್ಲಿ ಕೆಟ್ಟು ನಿಂತಿತು. ನಾನೋ ಒಂದು ಕಡೆ ನಿಲ್ಲಲಾರದವನು. ಇಳಿದೆ, ಹತ್ತಿದೆ, ಮತ್ತೆ ಇಳಿದೆ, ಕಂಡಕ್ಟರನ ತಲೆ ತಿಂದೆ.

"ಬಸ್ಸು ನಿನ್ನ ಕೈಯಾಗ ಐತೇನೋ?" ಎಂದ ಮಾವ.

"ಇಲ್ಲ ಮಾಮಾ."

"ಮಾರಿ ಐತಲ್ಲ? ಅದನ್ನರ ನೆಟ್ಟಗ ಇಟ್ಕೋ. ಹುಡುಗಿ ನೋಡ್ತಾಳ."

ಎರಡು ತಾಸು ತಡವಾಗಿ ಮುಟ್ಟಿದೆವು. ಹುಡುಗಿಯ ಮನೆಯವರು ಮಾವನನ್ನು ಬಹಳ ಮೆಚ್ಚಿಕೊಂಡರು. ನನ್ನನ್ನಲ್ಲ!

ಇಂಥವನಿಗೆ ಹೋದ ವರ್ಷ ಒಂದು ಕಾರ್ಖಾನೆಯಿಂದ ಶಾಫ್ಟ್‌ಗಳ ದೊಡ್ಡ ಆರ್ಡರ್ ಬಂತು. ಅದು ಕೈಹಿಡಿದರೆ ಅಂಗಡಿ ಉಳಿಯುತ್ತಿತ್ತು, ಇಲ್ಲದಿದ್ದರೆ ಮುಚ್ಚಬೇಕಿತ್ತು. ಮೊದಲ ಮಾಲು ಅವರ ತಪಾಸಣೆಯಲ್ಲಿ ಪಾಸೂ ಆಯಿತು. ಮರುದಿನ ಮಾವ ನೋಡುತ್ತಾನೆ, ಅಳತೆಯ ಮೈಕ್ರೋಮೀಟರೇ ಸೊನ್ನೆಗೆ ಬಂದು ಕೂಡುತ್ತಿಲ್ಲ. ಅಂದರೆ ಕಳಿಸಿದ ಶಾಫ್ಟೆಲ್ಲ ಕೂದಲೆಳೆಯಷ್ಟು ಸಣ್ಣ!

"ಸುಮ್ನಿರು ಮಾಮಾ, ಅವರೇ ಪಾಸ್ ಮಾಡ್ಯಾರ!" ನಾನು ಅಂಗಡಿ ತುಂಬ ಕುಣಿದಾಡಿದೆ.

"ಪಾಸ್ ಮಾಡೂದು ಅವರ ಕೈಯಾಗ. ಖರೇ ಹೇಳೂದು ನನ್ನ ಕೈಯಾಗ" ಎಂದವನೇ ಟೆಂಪೋ ಹೊಡೆದುಕೊಂಡು ಹೋಗಿ ಅಷ್ಟನ್ನೂ ವಾಪಸ್ ತಂದ. ಆರ್ಡರ್ ಬೇರೆಯವರ ಪಾಲಾಯಿತು, ಅಂಗಡಿ ಮುಚ್ಚಿತು. ಆ ಸ್ಟೋಯಿಕರು ಸಿಕ್ಕಿದ್ದರೆ ಆಟೋ ನಗರದ ನಡುರಸ್ತೆಯಲ್ಲೇ ಜಗಳ ತೆಗೆಯುತ್ತಿದ್ದೆ.

ಲೇಥ್ ಕೊಂಡ ನಂದಗಡದವರು ಒಯ್ಯಲು ಬಂದ ದಿನ ಮಾವ ಅದನ್ನು ಒರೆಸಿ, ಎಣ್ಣೆ ಹಚ್ಚಿ, ತಾನೇ ಮುಂದೆ ನಿಂತು ಲಾರಿಗೆ ಹೇರಿಸಿದ. "ಎಡಗಡಿ ಹ್ಯಾಂಡಲ್ ಸ್ವಲ್ಪ ಬಿಗಿ ಐತ್ರಿ. ಜೋರ್ ಮಾಡಬ್ಯಾಡ್ರಿ, ಸಾವಕಾಶ ತಿರುವ್ರಿ" ಎಂದು ಎರಡೆರಡು ಸಲ ಹೇಳಿದ.

ಲಾರಿ ತಿರುವು ದಾಟಿತು. ಮಾವ ಅದೇ ಎಣ್ಣೆ ಅರಿವೆಯಿಂದ ಕಣ್ಣು ಒರೆಸಿಕೊಂಡ. ಮುಖವೆಲ್ಲ ಕಪ್ಪಾಯಿತು.

"ಮಾಮಾ..."

"ಇದು ನನ್ನ ಕೈಯಾಗ ಇಲ್ಲೋ" ಎಂದ.

ಒಂದು ಕಡೆ ನಿಲ್ಲಲಾರದ ನಾನು ಅವತ್ತು ಆ ಎಣ್ಣೆಗೈ ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ನಿಂತೆ.