ಟ್ರೇಲರ್ ಏರಿದ ಇಬ್ಬರು ದನದ ಡಾಕ್ಟರು

ಕಾಲೇಜು ಬದಲಾಯಿಸುವುದೆಂದರೆ ಬಸ್ಸು ಬದಲಾಯಿಸಿದ ಹಾಗೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಇಲ್ಲಿ ಇಳಿಯುವುದು, ಅಲ್ಲಿ ಹತ್ತುವುದು. ಮುಗಿಯಿತು!

ಆಗ ನಾನು ಪಶುವೈದ್ಯಕೀಯ ಓದಿನ ಎರಡನೇ ವರ್ಷದಲ್ಲಿದ್ದೆ. ನಮ್ಮೂರು ಶಿಗ್ಗಾವಿ ತಾಲೂಕಿನ ದುಂಡಸಿ. ಕಾಲೇಜು ಮಾತ್ರ ಬಹಳ ದೂರ. ಹೋಗಿ ಮುಟ್ಟುವಷ್ಟರಲ್ಲಿ ಅವ್ವ ಕಟ್ಟಿಕೊಟ್ಟ ಬುತ್ತಿಯೆಲ್ಲ ಖಾಲಿಯಾಗಿರುತ್ತಿತ್ತು. ನಮ್ಮ ಕಡೆಗೆ ಹತ್ತಿರದಲ್ಲಿ ಇನ್ನೊಂದು ಕಾಲೇಜಿತ್ತು. ಅಲ್ಲಿಗೆ ವರ್ಗ ಮಾಡಿಸಿಕೊಳ್ಳುತ್ತೇನೆಂದು ರಜೆಗೆ ಬಂದವಳೇ ಘೋಷಿಸಿದೆ.

"ಯಾಕ?" ಎಂದ ಅಪ್ಪ.

"ಅಲ್ಲಿ ನೀರು ಒಗ್ಗವಲ್ದಪ್ಪ. ಕೂದಲಾ ಉದರಾಕತ್ತಾವ."

ಅವ್ವ ನನ್ನ ಜಡೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದಳು. "ಹೋದ ಸಲಕ್ಕಿಂತ ದಪ್ಪ ಆಗೇತಲ್ಲ!"

"ಒಳಗಿಂದ ಉದರಾಕತ್ತಾವ" ಎಂದೆ. ವೈದ್ಯಕೀಯ ವಿದ್ಯಾರ್ಥಿನಿಯ ಮಾತು. ಯಾರೂ ಎದುರಾಡಲಿಲ್ಲ.

ನಿಜವಾದ ಕಾರಣ ನೀರಲ್ಲ. ಎಮ್ಮೆ!

ನಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಇತ್ತೇ ಹೊರತು ದನ ಇರಲಿಲ್ಲ. ನಾಯಿಗಳೆಂದರೆ ನನಗೆ ಪ್ರಾಣ, ಆ ಪ್ರೀತಿಯಿಂದಲೇ ಈ ಓದಿಗೆ ಸೇರಿದ್ದೆ. ಆದರೆ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ನನ್ನ ಪಾಲಿಗೆ ಬಂದದ್ದು ಎಮ್ಮೆ. ಅದರ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟೆ. ಅದು ಕತ್ತು ತಿರುಗಿಸಿ ನನ್ನನ್ನು ನೋಡಿತು. ಏನೂ ಮಾಡಲಿಲ್ಲ. ಸುಮ್ಮನೆ ನೋಡಿತು. ಆಮೇಲೆ ತನ್ನ ಇಡೀ ದೇಹವನ್ನು ನಿಧಾನವಾಗಿ ನನ್ನ ಕಡೆ ವಾಲಿಸಿತು. ನನ್ನ ಬೆನ್ನ ಹಿಂದೆ ಗೋಡೆ! ಎರಡರ ನಡುವೆ ನಾನು ಹೋಳಿಗೆಯೊಳಗಿನ ಹೂರಣವಾದೆ. ಉಸಿರು ಹೊರಗೆ ಹೋಯಿತು, ಒಳಗೆ ಬರಲಿಲ್ಲ. ಗೆಳತಿಯರು ಎಳೆದು ತೆಗೆದರು. ಅವರು ನಕ್ಕರು, ನಾನೂ ನಕ್ಕೆ.

ಆದರೆ ಅಂದಿನಿಂದ ಪ್ರಾಕ್ಟಿಕಲ್ ಇದ್ದ ದಿನ ಎದ್ದಕೂಡಲೇ ಕೈಬೆರಳು ತಣ್ಣಗಾಗುತ್ತಿದ್ದವು. ತಿಂಡಿ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಕೊಟ್ಟಿಗೆಯ ವಾಸನೆ ಮೂಗಿಗೆ ಬಡಿದರೆ ಗೆಳತಿಯರ ಬೆನ್ನ ಹಿಂದೆ ಅವಿತುಕೊಳ್ಳುತ್ತಿದ್ದೆ. ಮುಂದಿನ ವರ್ಷಗಳಲ್ಲಿ ಭುಜದವರೆಗೆ ಕೈ ಹಾಕಿ ಎಮ್ಮೆಯ ಗರ್ಭ ಪರೀಕ್ಷೆ ಮಾಡಬೇಕೆಂದು ಸೀನಿಯರ್ ಒಬ್ಬಳು ಹೇಳಿದಳು. ನನ್ನ ಭುಜ ನಿಂತಲ್ಲೇ ಸೋತುಹೋಯಿತು.

ಇದನ್ನು ಮನೆಯಲ್ಲಿ ಹೇಳುವುದು ಹೇಗೆ? ಅಪ್ಪನೋ, ಪರಿಚಯವಿಲ್ಲದವರನ್ನೂ ನಿಲ್ಲಿಸಿ "ನಮ್ಮ ನೀಲಾ ಡಾಕ್ಟರ್ ಆಗಾಕತ್ತಾಳ್ರಿ" ಎನ್ನುವವನು.

ಅಷ್ಟರಲ್ಲಿ ಮೊಬೈಲಿನ ಗ್ರೂಪೊಂದರಲ್ಲಿ ಮಂಜುನಾಥ ಸಿಕ್ಕ. ಹತ್ತಿರದ ಕಾಲೇಜಿನವ, ನನ್ನದೇ ವರ್ಷ, ಹಿರೇಕೆರೂರು ಕಡೆಯ ಮಾಸೂರಿನವ. ಅವನಿಗೆ ನಮ್ಮ ಕಾಲೇಜಿಗೆ ಬರುವ ಆಸೆಯಂತೆ! ಇಬ್ಬರೂ ಒಪ್ಪಿ ಸೀಟು ಅದಲುಬದಲು ಮಾಡಿಕೊಂಡರೆ ಕೆಲಸ ಸಲೀಸು ಎಂದು ಯಾರೋ ಹೇಳಿದ್ದರು. ಫೋನ್ ಮಾಡಿದೆ.

"ನಿಮ್ಮ ಕಡೆ ಯಾವ ಪ್ರಾಣಿ ಜಾಸ್ತಿ ಬರ್ತಾವ್ರಿ?" ಎಂದು ಏನೂ ಅರಿಯದವಳಂತೆ ಕೇಳಿದೆ.

"ನಾಯಿರಿ! ಎಲ್ಲಿ ನೋಡಿದ್ರೂ ಬರೇ ನಾಯಿ!"

ನನಗೆ ಸ್ವರ್ಗದ ಬಾಗಿಲೇ ತೆರೆದಂತಾಯಿತು.

"ನಿಮ್ಮಲ್ಲಿರಿ?" ಎಂದ.

"ಎಮ್ಮಿರಿ. ಮುಂಜಾನಿಂದ ಸಂಜೀತನಕ ಬರೇ ಎಮ್ಮಿ!"

ಆ ಕಡೆಯಿಂದ ದೊಡ್ಡದೊಂದು ನಿಟ್ಟುಸಿರು ಕೇಳಿಸಿತು. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡೆ.

ಹಾಗಂತ ಹೆದರಿಕೆ ಹೋಗಲಿಲ್ಲ, ಇನ್ನೊಂದು ಬಂದು ಕೂತಿತು. ಎರಡೂ ಕಡೆಯ ಪಾಠ ಹೊಂದದಿದ್ದರೆ ಒಂದು ವರ್ಷ ಹಾಳಾಗಬಹುದು ಎಂದು ಅದೇ ಸೀನಿಯರ್ ಎಚ್ಚರಿಸಿದಳು. ಇದ್ದರೆ ಎಮ್ಮೆ, ಹೋದರೆ ವರ್ಷ! ಹೋಗು ಎನ್ನುವ ಮನಸ್ಸು ಮರುಗಳಿಗೆಯಲ್ಲೇ ಬೇಡ ಎನ್ನುತ್ತಿತ್ತು. ಕೊನೆಗೆ ಅಪ್ಪನೇ ತೀರ್ಮಾನ ಕೊಟ್ಟ. "ಮೊದಲ ಆ ಹುಡುಗನ ಮನಿಗೆ ಹೋಗಿ ಕುಂತು ಮಾತಾಡೂಣು. ಫೋನಿನ್ಯಾಗ ಹೇಳಿದ್ದೆಲ್ಲಾ ಖರೆ ಇರಂಗಿಲ್ಲ."

ಬರಿಗೈಯಲ್ಲಿ ಹೋಗಬಾರದೆಂದು, ಮಾವ ತಂದುಕೊಟ್ಟಿದ್ದ ಸವಣೂರಿನ ಖಾರದ ತಿಂಡಿಯ ಪೊಟ್ಟಣವನ್ನು ಅವ್ವ ಕೈಗಿಟ್ಟಳು. ಅಪ್ಪ ಮತ್ತು ನಾನು ಹೊರಟೆವು. ಬಸ್ಸು ಬದಲಾಯಿಸುವುದೂ ಸುಲಭವಲ್ಲ ಎಂಬುದು ಹಾನಗಲ್ಲಿನಲ್ಲೇ ತಿಳಿಯಿತು. ಅಪ್ಪ ಹಿರೇಕೆರೂರಿನ ಬಸ್ಸು ಹತ್ತಿದ, ನಾನು ನೂಕುನುಗ್ಗಲಿನಲ್ಲಿ ಕೆಳಗೇ ಉಳಿದೆ. ಅಪ್ಪ ಕೂಗಿದ ಕೂಗಿಗೆ ಡ್ರೈವರ್ ಇಂಜಿನ್ನೇ ಬಂದ್ ಮಾಡಿದ.

ಮಾಸೂರಿನಲ್ಲಿ ಇಳಿದಾಗ ಒಂದು ಕೆಂಚು ನಾಯಿ ಬಾಲ ಅಲ್ಲಾಡಿಸುತ್ತ ಎದುರಾಯಿತು. ಬಿಸ್ಕೀಟು ಹಾಕಿ ಮೈ ಸವರಿದೆ. ಅದು ಹಿಂದೆಯೇ ಬಂತು. ಶುಭಶಕುನ ಎಂದು ನಾನೇ ತೀರ್ಮಾನಿಸಿದೆ!

ಮಂಜುನಾಥನ ಮನೆಯ ಅಂಗಳದಲ್ಲಿ ಮೆಕ್ಕೆಜೋಳದ ಚೀಲ ತುಂಬಿದ ಟ್ರೇಲರ್ ನಿಂತಿತ್ತು. ಮೂಲೆಯಲ್ಲಿ ಒಂದು ಎಮ್ಮೆ. ಅದನ್ನು ನೋಡಿದ್ದೇ ನನ್ನ ಬೆರಳು ತಣ್ಣಗಾದವು. ಗೂಟಕ್ಕೆ ಕಟ್ಟಿದ್ದಾರಲ್ಲ ಎಂದು ಧೈರ್ಯ ತಂದುಕೊಂಡೆ.

"ಬರ್ರಿ, ಬರ್ರಿ" ಎನ್ನುತ್ತ ಮಂಜುನಾಥ ನಗುಮುಖದಿಂದ ಹೊರಬಂದ. ನನ್ನ ಹಿಂದಿನಿಂದ ನಾಯಿ ಇಣುಕಿತು. ಅವನ ನಗು ಅಲ್ಲೇ ನಿಂತಿತು.

"ಅವ್ವಾ!"

ಕೂಗಿದವನೇ ಹಾರಿದ. ಹಾರುವಾಗ ಎಮ್ಮೆಗೆ ಹಿಂಡಿ ನೆನೆಸಿಟ್ಟ ಬಕೆಟ್ಟಿಗೆ ಕಾಲು ತಾಗಿತು. ಬಕೆಟ್ಟು ಢಣಢಣ ಉರುಳಿ ಎಮ್ಮೆಯ ಕಾಲಿಗೆ ಬಡಿಯಿತು. ಎಮ್ಮೆ ಬೆದರಿ ಗೂಟವನ್ನೇ ಕಿತ್ತುಕೊಂಡು ಅಂಗಳದ ಬಾಗಿಲಿನತ್ತ ನುಗ್ಗಿತು. ಬಾಗಿಲಿನಲ್ಲಿ ನಿಂತಿದ್ದವಳು ನಾನು!

ಮುಂದೆ ಏನಾಯಿತೆಂದು ನನಗೆ ಸರಿಯಾಗಿ ಗೊತ್ತಿಲ್ಲ. ಕಣ್ಣು ತೆರೆದಾಗ ಟ್ರೇಲರಿನ ಚೀಲಗಳ ತುದಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಮಂಜುನಾಥ. ಇಬ್ಬರೂ ಒಂದೇ ಚೀಲವನ್ನು ಅಪ್ಪಿಕೊಂಡಿದ್ದೆವು.

"ನಿಮ್ಮ ಕಾಲೇಜಿಗೆ ನಾಯಿ ಬರೂದಿಲ್ಲಲ್ರಿ?" ಎಂದ ಅವನು, ಚೀಲ ಬಿಡದೆ.

"ಬರ್ತಾವ್ರಿ, ಬೇಕಾದಷ್ಟು. ನಾಯಿಗೆ ಯಾರರ ಅಂಜತಾರೇನ್ರಿ?" ಎಂದೆ. "ನಿಮ್ಮಲ್ಲಿ ಎಮ್ಮಿ?"

"ದಂಡಿಯಾಗಿ ಅದಾವ್ರಿ. ನಾನ ಹಿಡ್ಕೊಂಡು ನಿಂದರತೇನಿ. ಎಮ್ಮಿಗೆ ಯಾರರ ಅಂಜತಾರೇನ್ರಿ?"

ಇಬ್ಬರಿಗೂ ಆಗ ಅರ್ಥವಾಯಿತು. ಯಾರೂ ಸುಳ್ಳು ಹೇಳಿರಲಿಲ್ಲ. ಅವನ ಕಣ್ಣಿಗೆ ನಾಯಿ ಬಿಟ್ಟು ಬೇರೇನೂ ಕಂಡಿರಲಿಲ್ಲ, ನನ್ನ ಕಣ್ಣಿಗೆ ಎಮ್ಮೆ ಬಿಟ್ಟು!

ಕೆಳಗೆ ಅವನ ಅವ್ವ ಎಮ್ಮೆಯ ಹಗ್ಗ ಹಿಡಿದು ಮೇಲೆ ನೋಡಿದಳು. "ಇಳೀಲೇ ಮಂಜ್ಯಾ! ದೂರದ ಊರು ನೋಡಬೇಕು ಅಂದಿದ್ಯಲ್ಲ. ನಾಯಿಗೆ ಅಂಜಿ ಓಡಾಕ ಹೊಂಟಿದ್ಯೇನು?"

ಅಪ್ಪ ನಾಯಿಯ ತಲೆ ಸವರುತ್ತ ನನ್ನನ್ನು ನೋಡಿದ. "ನೀಲಾ, ಆ ಕೂದಲದ ಕತಿ ಏನವಾ?"

ನಾನು ಇನ್ನಷ್ಟು ಗಟ್ಟಿಯಾಗಿ ಚೀಲ ಹಿಡಿದುಕೊಂಡೆ. ಆಗ ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ಇಣುಕಿ ಕೇಳಿದಳು, "ಕನ್ಯಾ ನೋಡೂದು ಟ್ರೇಲರ್ ಮ್ಯಾಲ ಇಟ್ಟೀರೇನ?"

ನಾಯಿಯನ್ನು ಹೊರಗೆ ಅಟ್ಟಿ, ಎಮ್ಮೆಯನ್ನು ಕಟ್ಟಿ, ನಮ್ಮಿಬ್ಬರನ್ನೂ ಇಳಿಸಿದರು. ಮಂಡಕ್ಕಿ ತಿಂದೆವು. ಸೀಟಿನ ಮಾತನ್ನು ಯಾರೂ ಎತ್ತಲಿಲ್ಲ.

ಹಾನಗಲ್ಲಿನವರೆಗೆ ಅಪ್ಪ ಬಾಯಿ ಬಿಡಲಿಲ್ಲ. ಎಮ್ಮೆಗಿಂತ ಆ ಮೌನಕ್ಕೆ ನಾನು ಹೆಚ್ಚು ಹೆದರಿದೆ. ಶಿಗ್ಗಾವಿಯ ಬಸ್ಸಿನಲ್ಲಿ ಕೂತ ಮೇಲೆ ಮೆಲ್ಲಗೆ ಅಂದ, "ಅಂಜಿಕಿ ಆಗತೈತಿ ಅಂದಿದ್ರ ನಾನೇನ ತಿಂತಿದ್ನೇನು? ನೀರು ಒಗ್ಗವಲ್ದು, ಕೂಸು ಸೊರಗಾಕತ್ತೈತಿ ಅಂತ ನನಗ ಊಟಾ ಸೇರವಲ್ದಾಗಿತ್ತು."

"ತಪ್ಪಾತಪ್ಪ" ಎಂದೆ.

"ಈಗ ಏನ ಮಾಡ್ತಿ?"

"ಇದ್ದ ಕಾಲೇಜಿಗೇ ಹೋಗ್ತೇನಿ. ಎಮ್ಮಿ ಎಲ್ಲಾ ಕಡೆ ಅದಾವ."

ಅಪ್ಪ ನಕ್ಕ. ನನ್ನ ಎದೆಯ ಭಾರ ಇಳಿಯಿತು. ಹೊಸ ಹುರುಪು ಬಂತು. ಅಷ್ಟರಲ್ಲಿ ಬಸ್ಸು ಗಕ್ಕನೆ ನಿಂತಿತು. ರಸ್ತೆಯ ನಡುವೆ ಒಂದು ಎಮ್ಮೆ ಮಲಗಿತ್ತು! ಡ್ರೈವರ್ ಹಾರ್ನ್ ಬಾರಿಸಿದ. ಅದು ಮೆಲುಕು ಹಾಕಿತು.

ಅಪ್ಪ ಎದ್ದು ನಿಂತ. ರೂಢಿ ಎಲ್ಲಿ ಹೋಗುತ್ತದೆ? "ತಡೀರಿ, ನಮ್ಮ ನೀಲಾ ದನದ ಡಾಕ್ಟರ್ ಆಗಾಕತ್ತಾಳ್ರಿ!"

ಇಡೀ ಬಸ್ಸು ನನ್ನತ್ತ ತಿರುಗಿತು. ಇಳಿಯದೆ ಗತಿಯಿರಲಿಲ್ಲ. ಒಂದು ಕೈಯಲ್ಲಿ ಬಸ್ಸಿನ ಬಾಗಿಲು ಹಿಡಿದೇ, ದೂರದಿಂದಲೇ, "ಏಳವಾ, ದಾರಿ ಬಿಡವಾ" ಎಂದು ವಿನಂತಿಸಿದೆ. ಎಮ್ಮೆ ಕತ್ತು ತಿರುಗಿಸಿ ನೋಡಿತು. ಮರುಗಳಿಗೆ ನಾನು ಬಸ್ಸಿನೊಳಗಿದ್ದೆ!

ಕಂಡಕ್ಟರ್ ಇಳಿದು ಹೋಗಿ, ಎಮ್ಮೆಯ ಕಿವಿಯ ಹತ್ತಿರ ಜೋರಾಗಿ ಸೀಟಿ ಊದಿದ. ಅದು ಎದ್ದು ಮೈ ಕೊಡವಿ ಹೊಲದ ಕಡೆ ನಡೆಯಿತು. ಮರಳಿ ಬಂದವನು ಟಿಕೆಟ್ ಮಶೀನನ್ನು ನನ್ನ ಮುಂದೆ ಹಿಡಿದ.

"ತಗೋರಿ ಮೇಡಂ. ಟಿಕೆಟ್ ನೀವ ಹರೀರಿ, ಡಾಕ್ಟರಕಿ ನಾ ಮಾಡ್ತೇನಿ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನಾನು ಮಾತ್ರ ಈ ಅದಲುಬದಲಿನ ಬಗ್ಗೆ ಗಂಭೀರವಾಗಿ ಯೋಚಿಸುತ್ತಿದ್ದೆ.